ಎರಡು ಬಿಸಿಲು ಕಮ್ಮಿಯಾದ ಕಾರ್ಡು

ಸುಣ್ಣ ಬಳಿದ ಗೋಡೆ. ಗೋಡೆಯ ಮೇಲೊಂದು ಮೊಳೆ. ಮೊಳೆಯ ಕೆಳಗೆ, ಸುತ್ತಲಿನ ಹಳದಿಗಿಂತ ಒಂದು ಪಾಲು ಬೆಳ್ಳಗಿರುವ ವೃತ್ತ. ಮೂವತ್ತೊಂದು ವರ್ಷ ಅಲ್ಲಿ ಬೀಗದ ಕೈಗಳ ಗೊಂಚಲೊಂದು ತೂಗುತ್ತಿತ್ತು. ಗೊಂಚಲು ಹೋಯಿತು, ಅದರ ನೆರಳು ಮಾತ್ರ ಬಿಳಿಯಾಗಿ ಉಳಿಯಿತು. ವೃತ್ತದ ಬಲಕ್ಕೆ ಹಲಸಿನ ಹಲಗೆಯ ಬಾಗಿಲು. ಬಾಗಿಲಿನ ಚೌಕಟ್ಟಿಗೆ ಸೋಪಿನ ಡಬ್ಬಿಯಷ್ಟು ದೊಡ್ಡದಾದ ಬೂದುಬಣ್ಣದ ಪೆಟ್ಟಿಗೆ. ಪೆಟ್ಟಿಗೆಯ ನೆತ್ತಿಯಲ್ಲಿ ಸಾಸಿವೆಯಷ್ಟು ಕೆಂಪು ದೀಪ. ದೀಪದ ಕೆಳಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಕುಂಕುಮಕ್ಕೆ ಅಂಟಿ ಒಣಗಿದ ಚೆಂಡು ಹೂವಿನ ಒಂದೇ ಒಂದು ಎಸಳು. ಹೊರಗೆ ಹೆದ್ದಾರಿಯಲ್ಲಿ ಮಂಗಳೂರಿನ ಕಡೆಗೆ ಲಾರಿ ಹೋದಾಗ ಎಸಳು ನಡುಗುತ್ತದೆ, ಬೀಳುವುದಿಲ್ಲ. ದೀಪ ರೆಪ್ಪೆ ಬಡಿಯದೆ ನೋಡುತ್ತಿರುತ್ತದೆ.

ಎರಡು ಸಾವಿರದ ಮೂರನೆಯ ಇಸವಿಯಲ್ಲಿ ಬಾಳ್ಳುಪೇಟೆಯ ಮೇಲ್ಸೀಮೆ ಬೆಳೆಗಾರರ ಸಂಘ ಸಾಧಿಸಿದ ಪ್ರಗತಿಯ ಚಿತ್ರ ಇದು. ಆ ಪ್ರಗತಿಗೆ ಕಾರಣರಾದವರು ಸಂಘದ ಲೆಕ್ಕಪತ್ರ ಬರೆಯುವ ರೈಟರ್ ಪರಮಶಿವಯ್ಯನವರು. ಕಾರಣರಾಗಬೇಕೆಂದು ಅವರೇನೂ ಹೊರಟಿರಲಿಲ್ಲ. ದೊಡ್ಡ ಪ್ರಗತಿಗಳೆಲ್ಲ ಹೀಗೆಯೇ, ಬಾಯಿ ಮುಚ್ಚಿಕೊಂಡಿರಬೇಕಾದವರು ಒಮ್ಮೆ ತೆರೆದುದರಿಂದ ಆಗುತ್ತವೆ.

ಆಷಾಢದ ಕಮಿಟಿ ಸಭೆಯಲ್ಲಿ ಖಜಾಂಚಿ ಲೋಹಿತ್ ಎದ್ದು ನಿಂತಿದ್ದ. ಮೂವತ್ತು ದಾಟದ ಬೆಳೆಗಾರ. ಸಂಘಕ್ಕೆ ಕಂಪ್ಯೂಟರ್ ತಂದವನು, ಅದನ್ನು ಮುಟ್ಟಲು ಬಲ್ಲ ಏಕೈಕ ಸದಸ್ಯ.

"ವನಗೂರಿನ ಸಂಘದೋರು ನಮ್ಮನ್ನ ನೋಡಿ ನಗ್ತಾವ್ರೆ. ಈ ಕಾಲದಾಗೂ ರೈಟ್ರು ಗೊಂಚಲು ಅಲ್ಲಾಡಿಸ್ಕಂಡು ಬಂದು ಬಾಗ್ಲು ತೆಗೀಬೇಕಾ? ಕಾರ್ಡ್ ಬಾಗ್ಲು ಹಾಕ್ಸಾಣ. ಮುಟ್ಟಂಗಿಲ್ಲ, ತಿರುವಂಗಿಲ್ಲ, ಹತ್ರ ತೋರ್ಸಿದ್ರೆ ತಕ್ಕಂತೈತೆ. ಯಾರು ಎಷ್ಟೊತ್ತಿಗೆ ಬಂದ್ರು ಅಂತ ಕಂಪ್ಯೂಟರೇ ಬರ್ಕಂತೈತೆ."

ಅಧ್ಯಕ್ಷ ಸುಬ್ಬಯ್ಯನವರು ವನಗೂರಿನ ಹೆಸರು ಕೇಳಿಯೇ ಅರ್ಧ ಒಪ್ಪಿದ್ದರು. "ಅದ್ರಾಗೆ ಎಷ್ಟು ಥರ ಐತೆ, ಯಾವ್ದು ತಗಾಬೇಕು, ಗೊತ್ತಿರೋರು ಯಾರಿದೀರಿ?"

ಯಾರೂ ಇರಲಿಲ್ಲ. ಆ ಮೌನವನ್ನು ಪರಮಶಿವಯ್ಯನವರಿಗೆ ಸಹಿಸಲಾಗಲಿಲ್ಲ. "ಕಾರ್ಡ್ ಬಾಗಿಲಿನ ಅನುಭವ ನನಗೆ ಉಂಟು ಅಧ್ಯಕ್ಷರೆ," ಎಂದುಬಿಟ್ಟರು.

ಅನುಭವವೇನೋ ನಿಜ. ಎರಡು ವರ್ಷದ ಹಿಂದೆ ಮಂಗಳೂರಿನಲ್ಲಿ ಷಡ್ಡಕನ ಮಗಳ ಮದುವೆಗೆ ಹೋಗಿದ್ದಾಗ ಒಂದು ಹೋಟೆಲಿನಲ್ಲಿ ಕಾರ್ಡನ್ನು ಕೋಣೆಯೊಳಗೆ ಬಿಟ್ಟು, ಬಾಗಿಲು ಹಾಕಿಕೊಂಡು, ಟವೆಲ್ ಒಂದರಲ್ಲೇ ಮುಕ್ಕಾಲು ಗಂಟೆ ಮೊಗಸಾಲೆಯಲ್ಲಿ ನಿಂತಿದ್ದರು. ಆ ಕಾರ್ಡು ಉಜ್ಜುವ ಜಾತಿಯದೋ ತೋರಿಸುವ ಜಾತಿಯದೋ ಎಂದು ಆಗ ಅವರು ವಿಚಾರಿಸಿರಲಿಲ್ಲ. ಟವೆಲ್ಲಿನ ಕಡೆಗೇ ಗಮನವಿತ್ತು.

"ಹಂಗಾರೆ ರೈಟ್ರೇ ಹೋಲಿಸಿ ವರದಿ ಬರೀಲಿ," ಎಂದರು ಸುಬ್ಬಯ್ಯ. "ಡಿಸೆಂಬರಿಗೆ ನಿಮಗೆ ಐವತ್ತೆಂಟು ತುಂಬ್ತೈತಲ್ಲ? ವರದಿ ಚೆನ್ನಾಗಿದ್ರೆ ಇನ್ನೆರಡು ವರ್ಷ ಮುಂದುವರಿಸೋ ವಿಚಾರ ನೋಡಾಣ."

ಪರಮಶಿವಯ್ಯನವರ ಕಿವಿ ನಿಮಿರಿತು. ಬೆಳಗ್ಗೆ ಒಂಬತ್ತಕ್ಕೆ ಐದು ನಿಮಿಷ ಇರುವಾಗ ಆ ಬಾಗಿಲನ್ನು ತೆರೆಯದೆ ಬೇರೇನು ಮಾಡಬಹುದು ಎಂಬುದು ಅವರ ಕೈಗಳಿಗೆ ಗೊತ್ತಿರಲಿಲ್ಲ. ಎರಡು ವರ್ಷವೆಂದರೆ ಆರುನೂರು ಬೆಳಗುಗಳು. ಅದಕ್ಕಾಗಿ ಅವರು ಸಂಘದ ಬಾಗಿಲಿಗೆ ತಮ್ಮ ಗೊಂಚಲನ್ನೇ ಬಲಿ ಕೊಡಲು ಸಿದ್ಧರಾದರು.

ಹಾಸನದಿಂದ ಒಬ್ಬ, ಬೆಂಗಳೂರಿನಿಂದ ಒಬ್ಬ, ಹೀಗೆ ಇಬ್ಬರು ಮಾರಾಟಗಾರರು ಒಂದೇ ದಿನ ಬಂದಿಳಿದರು. ಪರಮಶಿವಯ್ಯನವರು ಕನ್ನಡಕ ಏರಿಸಿ, ಗೆರೆ ಹಾಕಿದ ಹಾಳೆ ಹರಡಿ ಕುಳಿತರು. ಸಂಘದ ಕಸ ಗುಡಿಸುವ ಭೂತಮ್ಮ ಪೊರಕೆ ಗೋಡೆಗೆ ಒರಗಿಸಿ ಪ್ರೇಕ್ಷಕಳಾದಳು.

ಹಾಸನದವನು ಬಿಸ್ಕತ್ತಿನಷ್ಟು ದಪ್ಪನೆಯ ಬಿಳಿ ಕಾರ್ಡು ತೆಗೆದ. "ಇದು ಪ್ರಾಕ್ಸಿಮಿಟಿ ಸಾರ್. ಒಳಗೆ ತಾಮ್ರದ ತಂತಿ ಸುರುಳಿ, ಒಂದು ಚಿಪ್. ಬ್ಯಾಟರಿ ಇಲ್ಲ. ಬಾಗಿಲ ಪೆಟ್ಟಿಗೆ ಬಿಡೋ ಅಲೆಯಿಂದಾನೇ ಜೀವ ತಗೊಂಡು ತನ್ನ ನಂಬರ್ ಹೇಳುತ್ತೆ. ನಾಲ್ಕು ಬೆರಳು ದೂರದಿಂದ, ಜೇಬಿನೊಳಗಿಂದಾನೂ."

"ಯಾರಿಗೆ ಹೇಳ್ತದೆ?"

"ಯಾರು ಕೇಳಿದರೂ ಹೇಳುತ್ತೆ ಸಾರ್."

ಪರಮಶಿವಯ್ಯನವರು ಬರೆದುಕೊಂಡರು: ಒಂದನೆಯದು. ಗುಣ, ದೂರದಿಂದ ಕೆಲಸ. ದೋಷ, ಬಾಯಿ ಸಡಿಲ. ಕೇಳಿಸಿಕೊಂಡವನು ನಕಲು ಮಾಡಬಹುದು.

ಬೆಂಗಳೂರಿನವನ ಕಾರ್ಡು ತೆಳ್ಳಗಿತ್ತು. "ಇದು ಸ್ಮಾರ್ಟ್ ಕಾರ್ಡ್. ಬಾಗಿಲು ಪ್ರತಿ ಸಲ ಹೊಸ ಪ್ರಶ್ನೆ ಕೇಳುತ್ತೆ. ಕಾರ್ಡು ಒಳಗೊಳಗೇ ಗುಟ್ಟಿನ ಲೆಕ್ಕ ಮಾಡಿ ಉತ್ತರ ಹೇಳುತ್ತೆ. ನಕಲು ಮಾಡೋದು ಸುಲಭ ಅಲ್ಲ. ಆದರೆ ಎರಡು ಬೆರಳಿನಷ್ಟು ಹತ್ತಿರ ಹಿಡೀಬೇಕು. ದರ ಸ್ವಲ್ಪ ಮೇಲೆ."

ಎರಡನೆಯದು, ಎಂದು ಬರೆದರು. ಗುಣ, ಬಾಯಿ ಬಿಗಿ. ದೋಷ, ಬಿಗುಮಾನ.

"ಮೊದ್ಲಿಂದು ನಮ್ ಕೂಲಿ ಲೈನಿನ ಚೆಲುವಮ್ಮನಂಗೆ," ಎಂದು ಭೂತಮ್ಮ ಸಾರಾಂಶ ಹೇಳಿದಳು, "ಕೇಳ್ದೋರಿಗೆಲ್ಲ ಮನೆ ಸುದ್ದಿ. ಎರಡ್ನೇದು ಹೊಸ ಸೊಸೆ. ಅಲ್ಲ ಕಣ್ರಪ್ಪ, ಕಾರ್ಡು ಯಾರ ಕೈಯಾಗೈತೆ ಅಂತ ಬಾಗ್ಲಿಗೆ ಹೆಂಗೆ ಗೊತ್ತಾಗ್ತೈತೆ?"

ಇಬ್ಬರು ಮಾರಾಟಗಾರರೂ ಒಬ್ಬರ ಮುಖ ಒಬ್ಬರು ನೋಡಿ ಸಭ್ಯವಾಗಿ ನಕ್ಕರು. ಆ ದಿನ ಅವರು ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯದಲ್ಲಿ.

ಕೊನೆಯ ಪರೀಕ್ಷೆ ಬಾಕಿಯಿತ್ತು. ನಮ್ಮ ಕಡೆ ಕಾಫಿ ಕಣದಲ್ಲಿ ಬೀಜ ಒಣಗಿದೆಯೇ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಒಂದು ಕಾಳು ಎತ್ತಿ ಹಲ್ಲಿನಡಿ ಇಡುತ್ತಾರೆ. ಹಲ್ಲಿನ ಗುರುತು ಬಿದ್ದರೆ ಹಸಿ, ಬೀಳದಿದ್ದರೆ ಹದ. ಮೂವತ್ತೊಂದು ಸುಗ್ಗಿಗಳಲ್ಲಿ ಈ ವಿಧಾನ ಪರಮಶಿವಯ್ಯನವರಿಗೆ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಅವರು ತೆಳ್ಳನೆಯ ಕಾರ್ಡನ್ನು ಬಾಯಿಗಿಟ್ಟು ಕಡಿದರು, ಗುರುತು ಮೂಡಲಿಲ್ಲ. ದಪ್ಪನೆಯದನ್ನು ಕಡಿದರು. ಮೇಲಿನ ಎರಡು ಹಲ್ಲು, ನಡುವೆ ಒಂದು ಹಲ್ಲು ಬಿದ್ದುಹೋದ ಸಂದು, ಮತ್ತೊಂದು ಹಲ್ಲು, ಎಲ್ಲ ಅಚ್ಚುಕಟ್ಟಾಗಿ ಮೂಡಿದವು.

"ಇದಕ್ಕಿನ್ನೂ ಎರಡು ಬಿಸಿಲು ಬೇಕು," ಎಂದು ಗಂಭೀರವಾಗಿ ತೀರ್ಪಿತ್ತರು.

ಹಾಸನದವನು ಕಾರ್ಡನ್ನು ಮರಳಿ ತೆಗೆದುಕೊಳ್ಳಲಿಲ್ಲ. "ಅದು ನಿಮ್ಮ ಹತ್ರಾನೇ ಇರಲಿ ಸಾರ್," ಎಂದ.

ವರದಿ ಇಪ್ಪತ್ತೆರಡು ಪುಟವಾಯಿತು. ಎರಡನೆಯ ಕಾರ್ಡನ್ನೇ ಕೊಳ್ಳತಕ್ಕದ್ದು, ಪ್ರತಿ ಕಾರ್ಡಿನ ಮೇಲೂ ಹೆಸರು ಮತ್ತು ಭಾವಚಿತ್ರ ಇರತಕ್ಕದ್ದು ಎಂದು ಶಿಫಾರಸಿತ್ತು. ಹತ್ತೊಂಬತ್ತನೆಯ ಪುಟದಲ್ಲಿ, "ಬಾಗಿಲು ಕಾರ್ಡನ್ನು ಬಲ್ಲುದೇ ಹೊರತು ಮನುಷ್ಯನನ್ನಲ್ಲ" ಎಂಬ ವಾಕ್ಯವಿತ್ತು. ಭೂತಮ್ಮನ ಪ್ರಶ್ನೆಗೆ ಅಂಗಿ ತೊಡಿಸಿ ನಿಲ್ಲಿಸಿದ ವಾಕ್ಯ. ಕಮಿಟಿಯವರು ವರದಿಯ ತೂಕವನ್ನು ಕೈಯಲ್ಲಿ ಅಂದಾಜಿಸಿ ಮೆಚ್ಚಿದರು. ಅನಂತರ ಸುಬ್ಬಯ್ಯನವರು ದಪ್ಪ ಕಾರ್ಡಿನ ಹಲ್ಲಿನ ಗುರುತು ನೋಡಿ ನಕ್ಕು, ಅದನ್ನು ಜೇಬಿಗಿಳಿಸಿ, ಹಾಸನದವನು ಮಾದರಿಗೆಂದು ಬಾಗಿಲಿಗೆ ಸಿಕ್ಕಿಸಿದ್ದ ಪೆಟ್ಟಿಗೆಯ ಮುಂದೆ ಹೋಗಿ ನಿಂತರು. ಕೈ ಎತ್ತದೆಯೇ ಬಾಗಿಲು ತೆರೆಯಿತು.

"ನೋಡ್ರಯ್ಯ, ಎದೆ ಕೊಟ್ರೆ ಸಾಕು," ಎಂದರು. ಅಧ್ಯಕ್ಷರಾದವರು ಬಾಗಿಲ ಮುಂದೆ ಜೇಬು ತಡಕುವುದು ಶೋಭೆಯಲ್ಲ ಎಂಬ ತಾಂತ್ರಿಕ ಕಾರಣದಿಂದ ಮೊದಲನೆಯ ಕಾರ್ಡೇ ಆಯ್ಕೆಯಾಯಿತು. ಭಾವಚಿತ್ರ ಬೇಡವೆಂದಾಯಿತು, ಎಲ್ಲರ ಮುಖ ಎಲ್ಲರಿಗೂ ಗೊತ್ತಲ್ಲ. ಕಾರ್ಡಿನ ಮೂಲೆಯಲ್ಲಿ ಇರುವೆಯಂಥ ಒಂದು ಸಂಖ್ಯೆ ಮಾತ್ರ. ಹಲ್ಲಿನ ಗುರುತಿನ ಕಾರ್ಡು ಪರಮಶಿವಯ್ಯನವರದೇ ಆಯಿತು. ಬೆಳಗಾಗುತ್ತಲೇ ಬಂದು ಗುಡಿಸುವ ಭೂತಮ್ಮನಿಗೂ ಒಂದು ಸಿಕ್ಕಿತು. ಹೆದ್ದಾರಿಯ ಕಡೆಯ ಮುಂಬಾಗಿಲಿಗೆ ಒಂದು ಪೆಟ್ಟಿಗೆ. ಸದಸ್ಯರು ಮಧ್ಯಾಹ್ನ ಇಸ್ಪೀಟು ಆಡುವ, ದಾಖಲೆಗಳಲ್ಲಿ ವಿಶ್ರಾಂತಿ ಕೊಠಡಿ ಎಂದು ಕರೆಯಲ್ಪಡುವ ಹಿಂಬದಿಯ ಕೋಣೆಗೆ ಇನ್ನೊಂದು. ಒಳಗೆ ಬರಲು ಕಾರ್ಡು. ಹೊರಗೆ ಹೋಗಲು ಗೋಡೆಯ ಮೇಲೊಂದು ಹಸಿರು ಗುಂಡಿ.

ಆಯುಧಪೂಜೆ ಬಂತು. ಸಂಘದ ವಾಡಿಕೆಯಂತೆ ಜೀಪಿನ ಸ್ಪ್ಯಾನರು, ಕೋವಿ, ಗಿಡ ಸವರುವ ಕತ್ತಿ, ತಕ್ಕಡಿ, ಎಲ್ಲವೂ ಸಭಾಂಗಣದಲ್ಲಿ ಸಾಲಾಗಿ ಕುಳಿತವು. ದುಡಿಯುವ ವಸ್ತುವಿಗೆಲ್ಲ ಆ ದಿನ ಪೂಜೆ ಸಲ್ಲಬೇಕು, ಕಾರ್ಡು ದುಡಿಯುವುದಿಲ್ಲವೆ? ಸುಬ್ಬಯ್ಯನವರ ಹೆಂಡತಿ ಕಮಲಮ್ಮನವರು ಮೊರ ಚಾಚಿದರು. "ಎಲ್ರೂ ಕಾರ್ಡ್ ಇದ್ರಾಗೆ ಹಾಕ್ರಪ್ಪ, ಒಟ್ಟಿಗೇ ಕುಂಕುಮ ಇಡಾಣ." ಲೋಹಿತ್ ಅವತ್ತು ಹಾಸನಕ್ಕೆ ಹೋಗಿದ್ದರಿಂದ ಅವನದೊಂದು ಉಳಿಯಿತು. ಉಪಾಧ್ಯಕ್ಷ ಅಣ್ಣಯ್ಯನವರ ಕಾರ್ಡೂ ಬಂತು. ವನಗೂರಿನ ಮೇಲಿನ ತೋಟದಿಂದ ಅಣ್ಣಯ್ಯನವರು ವರ್ಷಕ್ಕೆ ಎರಡೇ ಸಲ ಇಳಿಯುತ್ತಿದ್ದರು: ಚುನಾವಣೆಗೆ, ಆಯುಧಪೂಜೆಯ ಊಟಕ್ಕೆ.

ಪೂಜೆ ಮುಗಿದ ಮೇಲೆ ಗಂಧ ಗಟ್ಟಿಯಾಗಿ ಅಂಟಿದ್ದನ್ನು ಕಂಡು, ಸ್ವಚ್ಛತೆಯ ವಿಷಯದಲ್ಲಿ ಸದಾ ಒಂದು ಹೆಜ್ಜೆ ಮುಂದಿರುವ ಪರಮಶಿವಯ್ಯನವರು ಅಷ್ಟೂ ಕಾರ್ಡುಗಳನ್ನು ಹಿತ್ತಲಿಗೆ ಒಯ್ದು, ಹಿತ್ತಾಳೆ ಪಾತ್ರೆಗೆ ಮಾಡುವ ಹಾಗೆ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದರು. ಕುಂಕುಮ ಹೋಯಿತು. ಸಂಖ್ಯೆಯೂ ಹೋಯಿತು. ಬೆಳ್ಳಗೆ ಮಿರಮಿರ ಹೊಳೆಯುವ ಕಾರ್ಡುಗಳನ್ನು ಮೊರದಲ್ಲಿ ಹೊತ್ತು ತಂದು, ಕನ್ನಡಕವಿಲ್ಲದೆ, ಬಾಳೆಹಣ್ಣಿನ ಜೊತೆ ತಲೆಗೊಂದರಂತೆ ಪ್ರಸಾದವಾಗಿ ಹಂಚಿದವರೂ ಅವರೇ.

ಏನಾಯಿತೆಂದು ಓದುಗರಿಗೆ ಈಗಾಗಲೇ ಹೊಳೆದಿದೆ. ಸಂಘದಲ್ಲಿ ಯಾರಿಗೂ ಹೊಳೆಯಲಿಲ್ಲ. ಏಕೆಂದರೆ ಎಲ್ಲರ ಕಾರ್ಡಿಗೂ ಬಾಗಿಲು ತೆರೆಯುತ್ತಿತ್ತು.

ಎರಡು ವಾರದ ನಂತರ ಲೋಹಿತ್ ಕಂಪ್ಯೂಟರಿನಿಂದ ಹಾಜರಿಯ ಹಾಳೆಗಳನ್ನು ತೆಗೆದು ನೋಟೀಸು ಬೋರ್ಡಿಗೆ ಅಂಟಿಸಿದ. ಬಾಳ್ಳುಪೇಟೆಯ ಇತಿಹಾಸದಲ್ಲಿ ಆ ಬೋರ್ಡನ್ನು ಜನ ಓದಿದ್ದು ಅದೇ ಮೊದಲು.

ಅಧ್ಯಕ್ಷ ಸುಬ್ಬಯ್ಯನವರು ದಿನವೂ ಬೆಳಗ್ಗೆ ಆರೂವರೆಗೆ ಮುಂಬಾಗಿಲಿನಿಂದ ಒಳಗೆ ಬಂದಿದ್ದರು. ಭೂತಮ್ಮ ದಿನವೂ ಮಧ್ಯಾಹ್ನ ಎರಡೂವರೆಗೆ ವಿಶ್ರಾಂತಿ ಕೊಠಡಿ ಪ್ರವೇಶಿಸಿದ್ದಳು. ಉಪಾಧ್ಯಕ್ಷ ಅಣ್ಣಯ್ಯನವರು ಕೆಲಸದ ಹತ್ತು ದಿನವೂ ಒಂಬತ್ತಕ್ಕೆ ಐದು ನಿಮಿಷ ಇರುವಾಗ ಕಚೇರಿಗೆ ಹಾಜರಾಗಿದ್ದರು. ರೈಟರ್ ಪರಮಶಿವಯ್ಯ: ಹತ್ತು ದಿನ, ಗೈರುಹಾಜರು.

ಪರಮಶಿವಯ್ಯನವರು ಹಾಳೆಯ ಮುಂದೆ ನಿಂತು ಮೂರು ಸಲ ಓದಿದರು. "ಲೋಹಿತಪ್ಪ, ನಾನು ದಿನಾ ಬಂದಿದ್ದೀನಲ್ಲ. ನಿನ್ನೆ ನಿನಗೆ ಟೀ ತರಿಸಿಕೊಟ್ಟವನು ಯಾರು?"

"ತರ್ಸಿದ್ರಿ ರೈಟ್ರೇ, ಇಲ್ಲ ಅನ್ನಲ್ಲ. ಆದ್ರೆ ಕಂಪ್ಯೂಟರ್ ಸುಳ್ಳು ಹೇಳಲ್ಲ. ನಂದು ನೋಡಿ, ನಿಮಿಷ ಬಿಡ್ದಂಗೆ ಸರಿ ಐತೆ."

"ನಾನು ನಿನ್ನ ಕಣ್ಣೆದುರಿಗೇ ಇದ್ದೀನಿ ಮಾರಾಯ."

"ಈಗ ಇದ್ದೀರಿ. ಅದಕ್ಕೆ ದಾಖಲೆ ಏನೈತೆ?"

ಅತ್ತ ಸುಬ್ಬಯ್ಯನವರು ಹಾಳೆಯ ಮುಂದೆ ಬಂದು, ತಾವು ಆರೂವರೆಗೆ ಬಂದ ಸುದ್ದಿ ಓದಿ, ಒಂದು ಕ್ಷಣ ತಬ್ಬಿಬ್ಬಾದರು. ಆರೂವರೆ ಎಂಬ ಹೊತ್ತನ್ನು ಅವರು ಹಲವು ವರ್ಷದಿಂದ ಸಂಜೆಯಲ್ಲಿ ಮಾತ್ರ ಕಂಡಿದ್ದರು. ಆದರೆ ಹಿಂದೆ ನಿಂತ ನಾಲ್ಕು ಮಂದಿ ಆಗಲೇ ಕೈಮುಗಿದಿದ್ದರು. ಸುಬ್ಬಯ್ಯನವರು ಶಾಲು ಸರಿಮಾಡಿಕೊಂಡರು. "ನಾನಾಗೇ ಹೇಳ್ಕಂಡು ತಿರುಗೋನಲ್ಲ ಕಣ್ರಯ್ಯ. ಕಂಪ್ಯೂಟರ್ ಹೇಳೈತೆ, ಏನ್ ಮಾಡಾಣ."

ಭೂತಮ್ಮನನ್ನು ಕರೆಸಿ ವಿಚಾರಣೆಯಾಯಿತು. ಅವಳು ಸೆರಗು ಸಿಕ್ಕಿಸಿ ನಿಂತಳು.

"ನಾನು ಎರಡೂವರೆಗೆ ಇಸ್ಪೀಟು ಆಡ್ತಿದ್ನಂತಾ? ಯಾರ್ ಜತೆ ಅಂತ್ಲೂ ಕಂಪ್ಯೂಟ್ರನ್ನೇ ಕೇಳ್ರಿ. ಅಲ್ಲಿ ದಿನಾ ಕೂತಿರೋರು ಯಾರು ಅಂತ ನಂಗಿಂತ ನಿಮಗೇ ಚೆನ್ನಾಗ್ ಗೊತ್ತೈತೆ. ಇರ್ಲಿ, ಆರೂವರೆಗೆ ಯಜಮಾನ್ರೇ ಬತ್ತಾರಂತಲ್ಲ, ಹಂಗಾರೆ ಆವಾಗಿಂದ ಕಸ ಗುಡಿಸ್ತಿರೋದೂ ಅವರೇ ಇರ್ಬೇಕು."

ವಿಚಾರಣೆಯನ್ನು ಅಲ್ಲಿಗೇ ಮುಕ್ತಾಯಗೊಳಿಸಲಾಯಿತು.

ಸುದ್ದಿ ಪರಮಶಿವಯ್ಯನವರಿಗಿಂತ ಮೊದಲು ಅವರ ಮನೆ ಸೇರಿತ್ತು. ಪಕ್ಕದ ಮನೆಯ ಕಲ್ಯಾಣಮ್ಮ ಕೊತ್ತಂಬರಿ ಕೇಳುವ ನೆಪದಲ್ಲಿ ತಂದುಕೊಟ್ಟು ಹೋಗಿದ್ದರು. ಹೆಂಡತಿ ನಾಗರತ್ನಮ್ಮ ಟಿಫನ್ ಕ್ಯಾರಿಯರನ್ನು ಮುಂದಿಟ್ಟುಕೊಂಡು, ಸಾಕ್ಷಿಯ ಕಟಕಟೆಯ ಹಾಗೆ, ಅಡಿಗೆಮನೆಯ ಹೊಸ್ತಿಲಲ್ಲಿ ಕುಳಿತಿದ್ದರು.

"ಹತ್ತು ದಿನ ಸಂಘಕ್ಕೆ ಹೋಗಿಲ್ವಂತೆ. ಹತ್ತು ದಿನಾನೂ ಈ ಕ್ಯಾರಿಯರ್ ಖಾಲಿಯಾಗಿ ಬಂದೈತೆ. ಅನ್ನ ಉಂಡೋರು ಯಾರು?"

"ನಾನೇ ಕಣೆ. ಸಂಘದಲ್ಲೇ ಕೂತು ಉಂಡೆ."

"ಕಂಪ್ಯೂಟರ್ ಇಲ್ಲ ಅಂತೈತಲ್ಲ."

"ಮೂವತ್ತು ವರ್ಷ ಸಂಸಾರ ಮಾಡಿದ್ದು ನನ್ನ ಜೊತೆಗೋ ಕಂಪ್ಯೂಟರ್ ಜೊತೆಗೋ?"

"ಅದ್ರ ಜತೆ ಮಾಡಿದ್ರೆ ಟೈಮಿಗಾದ್ರೂ ಮನೆಗೆ ಬರ್ತಿತ್ತು."

ಮರುದಿನ ಪಾಳ್ಯದಿಂದ ಭಾವಮೈದುನ ಚಲುವಯ್ಯ ಅರ್ಧ ಮೂಟೆ ರಾಗಿಯೊಂದಿಗೆ ಬಸ್ಸಿಳಿದ. ಅಕ್ಕನ ಸಂಸಾರ ಮುಳುಗುವಾಗ ಬರಿಗೈಯಲ್ಲಿ ಬರುವುದು ಅವನ ಜಾಯಮಾನವಲ್ಲ. ಭಾವನನ್ನು ಹಿತ್ತಲಿಗೆ ಕರೆದು ದನಿ ತಗ್ಗಿಸಿದ. "ಭಾವ, ನಾನೂ ಗಂಡಸೇ. ಇನ್ನೊಂದು ಮನೆ ಗಿನೆ ಮಾಡಿದ್ರೆ ಹೇಳ್ಬುಡಿ, ಹೆಂಗೋ ಸಮಾಧಾನ ಮಾಡ್ತೀನಿ."

"ಈ ಮನೆಯ ಹೆಂಚೇ ಬದಲಿಸೋಕೆ ಆಗಿಲ್ಲ ಚಲುವಯ್ಯ."

"ಅದಕ್ಕೇ ಜನ ಅನುಮಾನ ಪಡ್ತಿರೋದು," ಎಂದ ಚಲುವಯ್ಯ, ಬಹಳ ವಿಷಾದದಿಂದ.

ಕಾರ್ತಿಕದ ಕಮಿಟಿ ಸಭೆಯಲ್ಲಿ ವಿಷಯ ಸಂಖ್ಯೆ ನಾಲ್ಕು: ರೈಟರ್ ಪರಮಶಿವಯ್ಯನವರ ಸೇವೆಯ ಮುಂದುವರಿಕೆ. ಸಭೆಗೆ ವಿಶೇಷ ಆಹ್ವಾನದ ಮೇರೆಗೆ ಅಣ್ಣಯ್ಯನವರು ಬಂದಿದ್ದರು. ಆರೂಕಾಲಡಿ ಎತ್ತರದ, ಜಗತ್ತಿನ ಯಾವ ಕೆಲಸಕ್ಕೂ ಅವಸರವಿಲ್ಲದ ಮನುಷ್ಯ. ತಮ್ಮನ್ನು ಏಕೆ ಹಾರ ಹಾಕಿ ಬರಮಾಡಿಕೊಂಡರೆಂದು ಅವರಿಗೆ ತಿಳಿಯಲಿಲ್ಲ. ಹಾರವನ್ನು ಬೇಡವೆನ್ನುವ ಅಭ್ಯಾಸವೂ ಇರಲಿಲ್ಲ. ಪರಮಶಿವಯ್ಯನವರು ನಡಾವಳಿ ಪುಸ್ತಕ ತೆರೆದು, ಎಂದಿನಂತೆ ಮೇಜಿನ ತುದಿಯಲ್ಲಿ, ಪೆನ್ನಿನ ಮುಚ್ಚಳ ತೆಗೆದು ಕುಳಿತಿದ್ದರು. ಸಭೆಯ ತೀರ್ಮಾನವನ್ನು ಬರೆದುಕೊಳ್ಳಬೇಕಾದವರು ಅವರೇ ತಾನೆ.

ಲೋಹಿತ್ ಹಾಳೆ ಓದಿದ. "ಅಣ್ಣಯ್ಯಣ್ಣ ಸದ್ದಿಲ್ದೆ ಹತ್ತು ದಿನಾನೂ ಬಂದು ಕಚೇರಿ ನೋಡ್ಕಂಡವ್ರೆ. ಸಂಬಳ ಇಲ್ದೆ. ಇಂಥೋರು ಇರೋವಾಗ ಬರ್ದೆ ಇರೋ ರೈಟ್ರನ್ನ ಮುಂದುವರ್ಸೋದು ಯಾಕೆ? ಅಣ್ಣಯ್ಯಣ್ಣನ್ನೇ ಗೌರವ ಕಾರ್ಯದರ್ಶಿ ಮಾಡಾಣ."

ಅಣ್ಣಯ್ಯನವರು ಬೆಚ್ಚಿದರು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಬಾಯಿ ಮುಗುಳುನಗೆಯಾಗಿ ಮುಚ್ಚಿತು. ಕೈಗೇನಾದರೂ ಕೆಲಸ ಕೊಡಬೇಕೆಂದು ಜೇಬಿನಿಂದ ಕಾರ್ಡು ತೆಗೆದು ಮೇಜಿನ ಮೇಲೆ ತಿರುಗಿಸತೊಡಗಿದರು.

ಪರಮಶಿವಯ್ಯನವರ ಪೆನ್ನು ನಿಂತಿತು. ಬಿಳಿಯ ಕಾರ್ಡಿನ ಅಂಚಿನಲ್ಲಿ ಎರಡು ಹಲ್ಲು, ಒಂದು ಸಂದು, ಮತ್ತೊಂದು ಹಲ್ಲು.

"ಅಧ್ಯಕ್ಷರೆ, ಆ ಕಾರ್ಡು ನನ್ನದು," ಎಂದರು. ಎದ್ದು ಹೋಗಿ, ಅದನ್ನು ಎತ್ತಿ, ಬಾಯಿ ತೆರೆದು ಹಲ್ಲಿಗೆ ಹೊಂದಿಸಿ ತೋರಿಸಿದರು. ಕೀಲಿ ಬೀಗಕ್ಕೆ ಕೂರುವ ಹಾಗೆ ಕೂತಿತು. "ಪೂಜೆ ದಿನ ಉಜ್ಜಿ ಹಂಚಿದವನು ನಾನೇ. ತಪ್ಪು ನನ್ನದೇ. ಎಲ್ಲರ ಕಾರ್ಡೂ ಅದಲುಬದಲಾಗಿದೆ. ಅಣ್ಣಯ್ಯನೋರ ಹೆಸರಲ್ಲಿ ದಿನಾ ಬಂದವನು ನಾನು."

ಸತ್ಯ ಎದುರಿಗೇ ಬಾಯಿ ತೆರೆದು ನಿಂತಿತ್ತು. ಪ್ರತಿಯೊಬ್ಬರ ಕೈಯೂ ಮೆಲ್ಲಗೆ ತಂತಮ್ಮ ಜೇಬಿನತ್ತ ಹೋಯಿತು. ಸುಬ್ಬಯ್ಯನವರು ಮನಸ್ಸಿನಲ್ಲೇ ಲೆಕ್ಕ ಮುಂದುವರಿಸಿದರು: ಎಲ್ಲರದೂ ಅದಲುಬದಲಾಗಿದ್ದರೆ, ಆರೂವರೆಗೆ ಬಂದವರು ಯಾರು, ಎರಡೂವರೆಗೆ ಹಿಂದಿನ ಕೋಣೆಗೆ ಹೋದವರು ಯಾರು. ಅವರ ಶಿಸ್ತಿನ ಸುದ್ದಿ ಸಕಲೇಶಪುರದವರೆಗೂ ಹೋಗಿತ್ತು. ಮುಂದಿನ ವಾರ ಶಾಲೆಯೊಂದರಲ್ಲಿ, ಬೇಗ ಏಳುವುದರ ಲಾಭಗಳ ಬಗ್ಗೆ, ಅವರ ಭಾಷಣ ನಿಗದಿಯಾಗಿತ್ತು.

ಅವರು ಕಾರ್ಡನ್ನು ತರಿಸಿಕೊಂಡು ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು.

"ಇದು ಇಲಿ ಕಡಿದಿರೋದು," ಎಂದರು.

"ಅಧ್ಯಕ್ಷರೆ, ನೀವೇ ನೋಡಿದ್ದಿರಿ—"

"ಇಲಿ ಕಣ್ರೀ ರೈಟ್ರೇ. ಅಣ್ಣಯ್ಯ, ನಿಮ್ ತೋಟದ ಸ್ಟೋರಲ್ಲಿ ಇಲಿ ಐತೋ ಇಲ್ವೋ?"

"ಐತೆ," ಎಂದರು ಅಣ್ಣಯ್ಯ. ಆ ಸಭೆಯಲ್ಲಿ ಅವರು ನುಡಿದ ಒಂದೇ ಮಾತು, ಅದು ಸತ್ಯ.

"ಬರ್ಕಳಿ," ಎನ್ನುತ್ತ ಸುಬ್ಬಯ್ಯನವರು ಕಾರ್ಡನ್ನು ಅಣ್ಣಯ್ಯನವರಿಗೆ ಮರಳಿಸಿದರು.

ಪರಮಶಿವಯ್ಯನವರು ಕುಳಿತು ಬರೆದುಕೊಂಡರು. ಮೂವತ್ತೊಂದು ವರ್ಷದಲ್ಲಿ ಒಂದು ಠರಾವನ್ನೂ ಅವರು ಬರೆಯದೆ ಬಿಟ್ಟಿರಲಿಲ್ಲ. ಕಾರ್ಡಿನ ಮೇಲಿನ ಗುರುತು ಮೂಷಿಕಬಾಧೆಯಿಂದ ಉಂಟಾದುದೆಂದು ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು, ಎಂದು. ರೈಟರ್‌ರವರು ದೀರ್ಘಕಾಲ ಗೈರುಹಾಜರಾದ ಕಾರಣ ಅವರ ಸೇವೆಯನ್ನು ಮುಂದುವರಿಸಲಾಗದೆಂದು ವಿಷಾದಿಸಿ, ಇಂದೇ ಬಿಡುಗಡೆಗೊಳಿಸಲಾಯಿತು, ಎಂದು. ಉಪಾಧ್ಯಕ್ಷರು ನಾಳೆಯಿಂದ ಎಂದಿನಂತೆ ಒಂಬತ್ತಕ್ಕೆ ಐದು ನಿಮಿಷ ಇರುವಾಗ ಹಾಜರಾಗತಕ್ಕದ್ದು, ಎಂದು. 'ಎಂದಿನಂತೆ' ಎಂಬ ಪದವನ್ನು ಯಾರೂ ಹೇಳಿರಲಿಲ್ಲ. ಅದನ್ನು ಅವರೇ ಸೇರಿಸಿದರು. ಅಕ್ಷರ ದುಂಡಗೆ, ಸಾಲು ನೇರ.

"ಅಧ್ಯಕ್ಷರ ಆರೂವರೆಯ ಹಾಜರಿಯನ್ನೂ ಸಭೆ ಶ್ಲಾಘಿಸಿ, ಅದು ಹೀಗೆಯೇ ಮುಂದುವರಿಯಲೆಂದು ಆಶಿಸಿತು ಅಂತ ಹಾಕಲಾ?" ಎಂದು ಕೇಳಿದರು.

ಬೇಡವೆನ್ನಲು ಸುಬ್ಬಯ್ಯನವರಿಗೆ ಕಾರಣ ಸಿಗಲಿಲ್ಲ. ಬಾಗಿಲ ಮರೆಯಲ್ಲಿದ್ದ ಭೂತಮ್ಮ, "ಪೊರಕೆ ಮೂಲೇಲಿ ಇಟ್ಟಿರ್ತೀನಿ ಯಜಮಾನ್ರೇ," ಎಂದಳು.

ಸಭೆ ಬರಖಾಸ್ತಾಗಿ ಬೋಂಡ ಬಂತು. ಅಣ್ಣಯ್ಯನವರು ತಟ್ಟೆ ಹಿಡಿದೇ ಪರಮಶಿವಯ್ಯನವರ ಬೆನ್ನಟ್ಟಿ ಮುಂಬಾಗಿಲಿಗೆ ಬಂದರು. ಮುಖ ಬಾಡಿತ್ತು.

"ರೈಟ್ರೇ, ಕೈ ಮುಗೀತೀನಿ. ದಿನಾ ಒಂಬತ್ಗಂಟೆಗೆ ವನಗೂರಿಂದ ಇಳ್ದು ಬರೋಕೆ ನಂಗಾಗ್ತೈತಾ? ಒಂದ್ ಕೆಲ್ಸ ಮಾಡಿ. ನನ್ ಕಾರ್ಡ್ ನಿಮ್ಹತ್ರಾನೇ ಇರ್ಲಿ. ನೀವೇ ದಿನಾ ಬಂದು ಹೋಗ್ರಿ, ನನ್ನೆಸ್ರಲ್ಲಿ. ಎರಡು ವರ್ಷ ಯಾಕೆ, ಕಣ್ಣು ಕಾಣೋತನ್ಕ ಬನ್ನಿ. ಯಾರಿಗ್ ಗೊತ್ತಾಗ್ತೈತೆ?"

ಬೇಕಾದುದೆಲ್ಲ ಬೋಂಡದ ತಟ್ಟೆಯ ಪಕ್ಕದಲ್ಲಿ ನಿಂತು ಕರೆಯುತ್ತಿತ್ತು: ಆರುನೂರು ಬೆಳಗು, ಅದರ ಮೇಲೆ ಇನ್ನಷ್ಟು. ಪರಮಶಿವಯ್ಯನವರು ಗೋಡೆಯ ಮೊಳೆಯನ್ನೊಮ್ಮೆ, ಅದರ ಕೆಳಗಿನ ಬಿಳಿಯ ವೃತ್ತವನ್ನೊಮ್ಮೆ ನೋಡಿದರು. ಜೇಬಿನಿಂದ ಗುರುತಿಲ್ಲದ ಕಾರ್ಡನ್ನು ತೆಗೆದು ಅಣ್ಣಯ್ಯನವರ ತಟ್ಟೆಯಲ್ಲಿ, ಬೋಂಡಗಳ ನಡುವೆ ಇಟ್ಟರು.

"ಇದು ನಿಮ್ಮದು. ನಂದು ನಂಗೆ ಕೊಡಿ."

"ಅದನ್ನ ತಗಂಡು ಏನ್ ಮಾಡ್ತೀರಿ? ಲೋಹಿತ್ ನಾಳೆ ಅದ್ರ ನಂಬರ್ ತೆಗೆದುಹಾಕ್ತಾನೆ. ಬಾಗ್ಲು ತೆಗಿಯಲ್ಲ."

"ಇದಕ್ಕಿನ್ನೂ ಎರಡು ಬಿಸಿಲು ಬೇಕು ಅಂತ ವರದೀಲೇ ಬರೆದಿದ್ದೆ. ಮನೆ ಅಂಗಳದಲ್ಲಿ ಹರಡ್ತೀನಿ," ಎಂದರು ಪರಮಶಿವಯ್ಯನವರು. "ನಾಳೆ ಬೇಗ ಏಳಿ ಅಣ್ಣಯ್ಯನೋರೆ. ವನಗೂರಿನ ಜೀಪು ಏಳಕ್ಕೇ ಹೊರಡ್ತದೆ."

ಅಣ್ಣಯ್ಯನವರು ಕೊಟ್ಟ ಕಾರ್ಡನ್ನು ಅಂಗಿಯ ಜೇಬಿಗಿಳಿಸಿ, ಖಾಲಿ ಟಿಫನ್ ಕ್ಯಾರಿಯರನ್ನು ಎಡಗೈಗೆ ಬದಲಿಸಿಕೊಂಡು, ಹಸಿರು ಗುಂಡಿ ಒತ್ತಿದರು. ಒಳಗೆ ಬರುವವರ ಲೆಕ್ಕವನ್ನಷ್ಟೇ ಇಡುತ್ತಿದ್ದ ಆ ಯಂತ್ರ ಏನನ್ನೂ ಬರೆದುಕೊಳ್ಳಲಿಲ್ಲ. ಹೆದ್ದಾರಿಯ ಸಂಜೆ ಬೆಳಕು ಒಂದು ಕ್ಷಣ ಹೊಸ್ತಿಲು ದಾಟಿ ಒಳಗೆ ಬಂತು. ಅವರು ಅದನ್ನು ದಾಟಿ ಹೊರಗೆ ಹೋದರು. ಪೆಟ್ಟಿಗೆಯ ಮೇಲಿನ ಚೆಂಡು ಹೂವಿನ ಎಸಳು ಉದುರಿತು, ಹಲಸಿನ ಬಾಗಿಲು ಅವರ ಬೆನ್ನ ಹಿಂದೆ ತಾನಾಗಿಯೇ ಮುಚ್ಚಿಕೊಂಡಿತು.